ಮಕ್ಕಳಿಗೆ ಬಿಎಂಎಕ್ಸ್ ಸೈಕಲ್ ಬಂದಿದೆ, ಮೊದಲು ಯಾವ ಗಾರ್ಡ್ ತೆಗೆದುಕೊಳ್ಳಲಿ?

ಸದಾಶಿವಗಡ ಅಮ್ಮ
ಎಲ್ಲರಿಗೂ ನಮಸ್ಕಾರ. ಮಕ್ಕಳ ಸೋದರಮಾವ ಪುಣೆಯಿಂದ ಬರುವಾಗ ಒಂದು ಬಿಎಂಎಕ್ಸ್ ಸೈಕಲ್ ತಂದುಕೊಟ್ಟಿದ್ದಾನೆ. 20 ಇಂಚಿನ ಗಾಲಿ, ಹಿಂದೆ ಮಾತ್ರ ಬ್ರೇಕು, ಹಿಂದಿನ ಗಾಲಿಯ ಎರಡೂ ಕಡೆ ಕಾಲಿಡಲಿಕ್ಕೆ ಕಬ್ಬಿಣದ ಗೂಟ. ಮಗನಿಗೆ 12, ಮಗಳಿಗೆ 9. ಇಬ್ಬರಿಗೂ ಸಾದಾ ಸೈಕಲ್ ಚೆನ್ನಾಗಿ ಬರುತ್ತದೆ, ಆದರೆ ಈಗ ಮೊಬೈಲ್ ನೋಡಿ ಮುಂದಿನ ಗಾಲಿ ಎತ್ತುವುದು, ಕಟ್ಟೆಯಿಂದ ಹಾರಿಸುವುದು ಶುರುವಾಗಿದೆ. ಮನೆಯವರು ನನ್ನ ಬೈಕಿನ ಹೆಲ್ಮೆಟ್ ಇದೆಯಲ್ಲ, ಅದನ್ನೇ ಹಾಕಿಕೊಳ್ಳಲಿ ಅನ್ನುತ್ತಾರೆ. ಆನ್‌ಲೈನಿನಲ್ಲಿ ಹೆಲ್ಮೆಟ್, ಮೊಣಕಾಲು, ಮೊಣಕೈ, ಮಣಿಕಟ್ಟು ಎಲ್ಲ ಸೇರಿ ಸಾವಿರ ರೂಪಾಯಿ ಒಳಗೇ ಒಂದು ಸೆಟ್ ತೋರಿಸುತ್ತಿದೆ. ನನ್ನ ಹತ್ತಿರ ಇರುವುದು ಇಬ್ಬರಿಗೂ ಸೇರಿ ಐದು ಸಾವಿರ. ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿದವರು ಹೇಳಿ.

ಶಿರಸಿ ಭಾವ
ಅಕ್ಕಾ, ನಾವೆಲ್ಲ ಅಡಿಕೆ ಒಣಗಿಸುವ ಅಂಗಳದಲ್ಲಿ ದೊಡ್ಡ ಸೈಕಲ್ಲಿಗೆ ಒಳಪೆಡಲ್ ಹಾಕಿ ಕಲಿತವರು. ಬಿದ್ದರೆ ಅರಿಶಿನ ಹಚ್ಚಿ ಮತ್ತೆ ಹತ್ತುತ್ತಿದ್ದೆವು. ಐದು ಸಾವಿರಕ್ಕೆ ಇನ್ನೊಂದು ಸೈಕಲ್ ಬರುತ್ತದೆ. ಸುಮ್ನೆ ಹೆದರಿಸಬೇಡಿ ಮಕ್ಕಳನ್ನು.

ಕುಮಟಾ ಸ್ಪ್ಯಾನರ್
ಭಾವ, ನೀವು ಕಲಿತದ್ದು ಮುಂದಕ್ಕೆ ಹೋಗುವುದನ್ನು. ಈ ಮಕ್ಕಳು ಕಲಿಯುತ್ತಿರುವುದು ಗಾಲಿ ನೆಲ ಬಿಡುವುದನ್ನು. ಬೀಳುವ ರೀತಿಯೇ ಬೇರೆ. ಸಾದಾ ಸೈಕಲ್ಲಿನಲ್ಲಿ ಸಾಧಾರಣವಾಗಿ ಪಕ್ಕಕ್ಕೆ ಬೀಳುತ್ತಾರೆ. ಇದರಲ್ಲಿ ಮುಂದಿನ ಗಾಲಿ ಎತ್ತುವಾಗ ಸ್ವಲ್ಪ ಜಾಸ್ತಿ ಆದರೆ ಸೀದಾ ಬೆನ್ನ ಮೇಲೆ, ತಲೆಯ ಹಿಂಭಾಗ ನೆಲಕ್ಕೆ.

ಅಕ್ಕಾ, ನಾನು ಸೈಕಲ್ ರಿಪೇರಿ ಅಂಗಡಿ ಇಟ್ಟವನು, ಗಾರ್ಡ್ ಮಾರುವವನಲ್ಲ, ಹಾಗಾಗಿ ನೇರವಾಗಿ ಹೇಳುತ್ತೇನೆ. ನಿಮ್ಮ ಐದು ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ ಎರಡು ಹೆಲ್ಮೆಟ್ಟಿಗೆ ಹೋಗಲಿ. ಉಳಿದದ್ದರಲ್ಲಿ ಮೊಣಕಾಲು ಮತ್ತು ಅದರ ಕೆಳಗಿನ ಮುಂದಿನ ಎಲುಬು. ಮಣಿಕಟ್ಟಿನದು ಬೇಡವೇ ಬೇಡ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಆ ಸೆಟ್ಟಿನಲ್ಲಿ ಬರುವ ಹೆಲ್ಮೆಟ್ ಅಂಗಡಿಯಲ್ಲಿ ಎಲ್ಲಾದರೂ ಕೈಗೆ ಸಿಕ್ಕಿದರೆ ತಿರುಗಿಸಿ ಒಳಗೆ ನೋಡಿ. ತೆಳ್ಳಗಿನ ಪ್ಲಾಸ್ಟಿಕ್ ಟೋಪಿ, ಒಳಗೆ ನಾಲ್ಕು ಸ್ಪಂಜು ಅಂಟಿಸಿರುತ್ತಾರೆ. ಹೆಬ್ಬೆರಳಲ್ಲಿ ಒತ್ತಿದರೆ ಪೂರ್ತಿ ಒಳಗೆ ಹೋಗುತ್ತದೆ. ಅದು ಬರೀ ಮೆತ್ತೆ. ಸರಿಯಾದ ಸೈಕಲ್ ಹೆಲ್ಮೆಟ್ಟಿನಲ್ಲಿ ಸ್ಪಂಜಿನ ಹಿಂದೆ ಟಿವಿ ಡಬ್ಬದಲ್ಲಿ ಬರುವ ಥರ್ಮಾಕೋಲಿನ ಜಾತಿಯದ್ದೇ, ಆದರೆ ತುಂಬ ಗಟ್ಟಿಯಾದ ದಪ್ಪ ಪದರ ಇರುತ್ತದೆ. ಇಪಿಎಸ್ ಅಂತ ಕರೆಯುತ್ತಾರೆ. ತಲೆ ನೆಲಕ್ಕೆ ಬಡಿದಾಗ ಆ ಪದರ ಜಜ್ಜಿಹೋಗಿ ಪೆಟ್ಟನ್ನು ತಿನ್ನುತ್ತದೆ. ಒಮ್ಮೆ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ, ಹೊರಗೆ ಗೀರು ಕಾಣದಿದ್ದರೂ ಅದರ ಕೆಲಸ ಮುಗಿಯಿತು. ಜೋರಾಗಿ ಬಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಬಾರದು ಅನ್ನುವುದು ಇದಕ್ಕೇ.

ಒಳಗಿನ ಚೀಟಿ ಓದಿ. ಇಎನ್ 1078 ಇದ್ದರೆ ಯುರೋಪಿನ ಮಾನದಂಡ, ಸಿಪಿಎಸ್‌ಸಿ ಅಂತ ಇದ್ದರೆ ಅಮೆರಿಕದ್ದು. ಎರಡರಲ್ಲಿ ಒಂದು ಸಾಕು. ಐಎಸ್ಐ ಗುರುತಿನ ಜೊತೆ ಐಎಸ್ 4151 ಅಂತ ಬರುವುದು ಮೋಟಾರ್ ಬೈಕಿನ ಹೆಲ್ಮೆಟ್ಟಿಗೆ. ನಿಮ್ಮ ಮನೆಯವರದ್ದು ಅದೇ. ಅದು ಕೆಟ್ಟದ್ದಲ್ಲ, ಆದರೆ ಕಿಲೋ ಮೇಲೆ ಭಾರ, ಕಿವಿ ಮುಚ್ಚುತ್ತದೆ, ಗಾಳಿ ಆಡುವುದಿಲ್ಲ, ಮೇಲಾಗಿ ದೊಡ್ಡವರ ಸೈಜು. 9 ವರ್ಷದ ಹುಡುಗಿಯ ಕುತ್ತಿಗೆಗೆ ಅದು ಬೇಡ. ಕಾರವಾರದ ಏಪ್ರಿಲ್ ಸೆಖೆಯಲ್ಲಿ ಹಾಕಿಸಿದರೆ ಹತ್ತೇ ನಿಮಿಷಕ್ಕೆ ತೆಗೆದು ಹ್ಯಾಂಡಲ್ಲಿಗೆ ನೇತುಹಾಕುತ್ತಾರೆ.

ವಾಲಿಬಾಲ್ ಅಂಕೋಲಾ
ನಮ್ಮ ಮನೆಯಲ್ಲಿ ಕ್ರಿಕೆಟ್ ಹೆಲ್ಮೆಟ್ ಇದೆ, ಅದು ನಡೆಯುತ್ತದಾ ಅಣ್ಣ? ಗಟ್ಟಿ ಇದೆ, ಮುಂದೆ ಜಾಲರಿ ಬೇರೆ.

ಕುಮಟಾ ಸ್ಪ್ಯಾನರ್
ಇಲ್ಲ ತಮ್ಮ. ಅದು ತಲೆಗೆ ಬರುವ ಚೆಂಡಿಗೆ ಮಾಡಿದ್ದು, ನೆಲಕ್ಕೆ ಬೀಳುವ ತಲೆಗೆ ಅಲ್ಲ. ಜಾಲರಿ ಎಲ್ಲಿಗಾದರೂ ಸಿಕ್ಕಿಬಿದ್ದರೆ ಕುತ್ತಿಗೆ ತಿರುಗುವ ಭಯ ಬೇರೆ.

ಸದಾಶಿವಗಡ ಅಮ್ಮ
ಸೈಜು ಹೇಗೆ ನೋಡುವುದು? ಬೆಳೆಯುವ ಮಕ್ಕಳು, ಯೂನಿಫಾರಂ ತೆಗೆದ ಹಾಗೆ ಒಂದು ಸೈಜು ದೊಡ್ಡದೇ ತೆಗೆಯೋಣ ಅಂತಿದ್ದೆ. ಮತ್ತೆ ಮಗ ಬಾಯಿ ಮುಚ್ಚುವ ಫುಲ್ ಫೇಸೇ ಬೇಕು ಅಂತ ಹಟ ಮಾಡುತ್ತಿದ್ದಾನೆ.

ಬೈತಖೋಲ ಬನ್ನಿಹಾಪ್
ದೊಡ್ಡದು ಬೇಡ ಅಕ್ಕ. ದೊಡ್ಡ ಯೂನಿಫಾರಂ ಜೋತುಬಿದ್ದರೆ ನಗುತ್ತಾರೆ ಅಷ್ಟೆ, ದೊಡ್ಡ ಹೆಲ್ಮೆಟ್ ಬೀಳುವ ಹೊತ್ತಿಗೆ ಹಿಂದಕ್ಕೆ ಜಾರಿ ಹಣೆಯನ್ನು ಬರಿದು ಮಾಡುತ್ತದೆ. ಟೇಲರ್ ಟೇಪ್ ತೆಗೆದುಕೊಂಡು ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ತಲೆಯ ಸುತ್ತಳತೆ ಅಳೆಯಿರಿ. ಸೆಂಟಿಮೀಟರಿನಲ್ಲಿ. ಡಬ್ಬದ ಮೇಲೆ 52ರಿಂದ 56 ಅಂತ ಏನೋ ಬರೆದಿರುತ್ತದೆ, ಅದಕ್ಕೆ ಹೊಂದಿಸಿ. ಹಿಂದೆ ತಿರುಗಿಸುವ ಚಕ್ರ ಇರುವ ಹೆಲ್ಮೆಟ್ ಸಿಕ್ಕರೆ ಬೆಳೆಯುವ ತಲೆಗೆ ಒಂದೆರಡು ವರ್ಷ ಆರಾಮಾಗಿ ಬರುತ್ತದೆ.

ಹಾಕಿದ ಮೇಲೆ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂತಿರಬೇಕು. ನಮ್ಮ ಕಡೆ ಮಕ್ಕಳೆಲ್ಲ ಹಣೆ ಕಾಣುವ ಹಾಗೆ ಹಿಂದಕ್ಕೆ ತಳ್ಳಿ ಹಾಕುತ್ತಾರೆ, ಅದೇ ಸ್ಟೈಲು. ಪಟ್ಟಿ ಎರಡೂ ಕಿವಿಯ ಕೆಳಗೆ ಸೇರಬೇಕು, ಗದ್ದದ ಕೆಳಗೆ ಒಂದು ಬೆರಳಷ್ಟೇ ಹೋಗಬೇಕು. ಆಮೇಲೆ ಪಟ್ಟಿ ಬಿಚ್ಚಿ ಬಗ್ಗಿ ತಲೆ ಅಲ್ಲಾಡಿಸಲಿಕ್ಕೆ ಹೇಳಿ. ಪಟ್ಟಿ ಇಲ್ಲದೆಯೂ ನಿಂತರೆ ಅದು ಅವರ ಸೈಜು.

ಫುಲ್ ಫೇಸ್ ವಿಷಯ. ನಾನು ಕಾರವಾರದವನೇ, ಈಗ ಬೆಂಗಳೂರಲ್ಲಿದ್ದೇನೆ, ಭಾನುವಾರ ಪಾರ್ಕಿನಲ್ಲಿ ಓಡಿಸುತ್ತೇನೆ. ಬಿಎಂಎಕ್ಸ್ ಅಂದರೆ ಒಂದೇ ಆಟ ಅಲ್ಲ. ರೇಸಿಂಗ್ 2008ರ ಬೀಜಿಂಗ್ ಒಲಿಂಪಿಕ್ಸಿನಿಂದ ಇದೆ. ಎಂಟು ಜನ ಒಟ್ಟಿಗೆ ಮಣ್ಣಿನ ಉಬ್ಬುಗಳ ಮೇಲೆ ನುಗ್ಗುತ್ತಾರೆ, ಅಲ್ಲಿ ಫುಲ್ ಫೇಸ್ ಕಡ್ಡಾಯ. ಫ್ರೀಸ್ಟೈಲ್ ಅಂತ ಇನ್ನೊಂದು, ಟೋಕಿಯೋದಲ್ಲಿ ಸೇರಿಸಿದರು. ಅದನ್ನು ನೋಡಿದರೆ ಗೊತ್ತಾಗುತ್ತದೆ, ಹೆಚ್ಚಿನವರದ್ದು ಮುಖ ತೆರೆದ ಬಟ್ಟಲಿನಂಥ ಹೆಲ್ಮೆಟ್. ಅದು ಕತ್ತಿನ ಹಿಂಭಾಗ, ಕಿವಿಯ ಮೇಲ್ಭಾಗದವರೆಗೂ ಇಳಿದಿರುತ್ತದೆ. ರೋಡ್ ಸೈಕಲ್ಲಿನ ಚೂಪು ಹೆಲ್ಮೆಟ್ಟಿಗಿಂತ ಇದೇ ಈ ಆಟಕ್ಕೆ ಒಳ್ಳೆಯದು. ಯಾಕೆಂದರೆ ಮೇಲೆ ಸ್ಪ್ಯಾನರ್ ಅಣ್ಣ ಹೇಳಿದ ಹಾಗೆ ಬೀಳುವುದು ಹಿಂದಕ್ಕೆ.

ಮಗ ಮಣ್ಣಿನ ಗುಡ್ಡೆ ಕಟ್ಟಿ ಹಾರಿಸುತ್ತಾನೆ, ರೇಸ್ ಅನ್ನುತ್ತಾನೆ ಅಂದರೆ ಮಾತ್ರ ಫುಲ್ ಫೇಸ್. ಅದು ಚೆನ್ನಾಗಿರುವುದು ಬೇಕಾದರೆ ನಿಮ್ಮ ಐದು ಸಾವಿರ ಒಂದಕ್ಕೇ ಮುಗಿಯುತ್ತದೆ. ಅಗ್ಗದ ಫುಲ್ ಫೇಸಿನಲ್ಲಿ ಗದ್ದದ ಭಾಗ ಬರೀ ಪ್ಲಾಸ್ಟಿಕ್, ಕೈಯಲ್ಲಿ ಹಿಂಡಿದರೆ ಬಗ್ಗುತ್ತದೆ. ಅಂಥದ್ದಕ್ಕಿಂತ ಮುಖ ತೆರೆದ ಒಳ್ಳೆಯ ಹೆಲ್ಮೆಟ್ಟೇ ಮೇಲು. ಮಿಪ್ಸ್ ಅಂತ ಹಳದಿ ಪದರ ಇರುವುದೂ ಸಿಗುತ್ತದೆ, ಓರೆಯಾಗಿ ಬಡಿದಾಗ ತಲೆ ತಿರುಚುವುದನ್ನು ಕಮ್ಮಿ ಮಾಡಲಿಕ್ಕೆ. ದುಡ್ಡು ಮಿಕ್ಕರೆ ನೋಡಿ, ಇಲ್ಲದಿದ್ದರೆ ಬಿಡಿ.

ಶಿರಸಿ ಭಾವ
ತಲೆಗೆ, ಕಾಲಿಗೆ, ಕೈಗೆ, ಬಾಯಿಗೆ. ಇಷ್ಟೆಲ್ಲ ಕಟ್ಟಿದ ಮೇಲೆ ಮಾಣಿ ಸೈಕಲ್ ಹತ್ತುವುದಾದರೂ ಹೇಗೆ ಮಾರಾಯ್ರೇ? ಬೀಳದೆ ಯಾರೂ ಕಲಿಯುವುದಿಲ್ಲ.

ಫಿಸಿಯೋ ಹೊನ್ನಾವರ
ಭಾವ, ಬೀಳಲಿ ಅಂತಲೇ ಇದೆಲ್ಲ. ಬಿದ್ದು ಎದ್ದು ಮತ್ತೆ ಹತ್ತಬೇಕಲ್ಲ. ಚರ್ಮ ಹೋದರೆ ನೀವು ಹೇಳಿದ ಅರಿಶಿನ ಸಾಕು, ಆ ಮಾತಿಗೆ ನನ್ನದೂ ಒಪ್ಪಿಗೆ. ತಲೆಗೆ ಪೆಟ್ಟಾದರೆ? ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ ನಿಮಗೂ ಗೊತ್ತು. ದೊಡ್ಡ ಪೆಟ್ಟು ಅಂದರೆ ಆಂಬುಲೆನ್ಸ್ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲ ಗೋವಾ ಕಡೆ ಓಡಬೇಕು. ಕಾರವಾರದಿಂದ ಮಂಗಳೂರು 250 ಕಿಲೋಮೀಟರಿಗೂ ಜಾಸ್ತಿ. ಶಿರಸಿಯಿಂದ ಹೊರಟರೆ ಘಟ್ಟ ಇಳಿಯಬೇಕು. ಬೆಂಗಳೂರಿನ ತಾಯಿಗಿಂತ ನಮ್ಮ ಕಡೆಯ ತಾಯಿ ಹೆಲ್ಮೆಟ್ಟಿಗೆ ಜಾಸ್ತಿ ಖರ್ಚು ಮಾಡಬೇಕಾದ ಕಾರಣ ಅದು.

ಇನ್ನೊಂದು ಮಾತು, ಗಾರ್ಡಿನದ್ದಲ್ಲ. ಹೆಲ್ಮೆಟ್ ಇದ್ದೂ ಜೋರಾಗಿ ಬಿದ್ದ ಮೇಲೆ ಮಗು ವಾಂತಿ ಮಾಡಿದರೆ, ಮಂಪರು ಕವಿದ ಹಾಗೆ ಇದ್ದರೆ, ಕೇಳಿದ್ದನ್ನೇ ಕೇಳುತ್ತಿದ್ದರೆ, ತಲೆನೋವು ಏರುತ್ತಲೇ ಹೋದರೆ ಮಲಗಿಸಿ ನೋಡೋಣ ಅನ್ನಬೇಡಿ. ತಕ್ಷಣ ಡಾಕ್ಟರ ಹತ್ತಿರ. ಅವರು ಸರಿ ಅನ್ನುವ ತನಕ ಸೈಕಲ್ ಇಲ್ಲ. ಮೊದಲ ಪೆಟ್ಟು ಮಾಸುವ ಮುಂಚೆ ಎರಡನೆಯದು ಬಿದ್ದರೆ ಅದು ಬಹಳ ಕೆಟ್ಟದ್ದು.

ಶಿರಸಿ ಭಾವ
ಆಸ್ಪತ್ರೆ ಮಾತಿಗೆ ಎದುರಾಡುವುದಿಲ್ಲ ತಂಗಿ. ಹೆಲ್ಮೆಟ್ ಒಪ್ಪಿದೆ. ಉಳಿದದ್ದು ಇನ್ನೂ ಒಪ್ಪಿಲ್ಲ.

ಕುಮಟಾ ಸ್ಪ್ಯಾನರ್
ಒಪ್ಪಿಸುತ್ತೇನೆ ತಡೆಯಿರಿ. ಬಿಎಂಎಕ್ಸ್ ಓಡಿಸುವ ಯಾವ ಹುಡುಗನಾದರೂ ಪ್ಯಾಂಟು ಮೇಲೆತ್ತಿ ಮೊಣಕಾಲಿನ ಕೆಳಗೆ ಮುಂದಿನ ಎಲುಬು ತೋರಿಸಲಿ. ಸಾಲಾಗಿ ಸಣ್ಣ ಸಣ್ಣ ಕಪ್ಪು ಚುಕ್ಕೆ ಇರುತ್ತವೆ, ಮೂರು ಮೂರು, ನಾಲ್ಕು ನಾಲ್ಕು. ಅದು ಪೆಡಲಿನ ಹಲ್ಲು. ಲೋಹದ ಪೆಡಲಿನ ಅಂಚಿನಲ್ಲಿ ಬೂಟು ಜಾರದೆ ಇರಲಿಕ್ಕೆ ಸಣ್ಣ ಪಿನ್ನುಗಳಿರುತ್ತವೆ. ಕಾಲು ತಪ್ಪಿದ ಕೂಡಲೇ ಪೆಡಲು ಸುಯ್ಯನೆ ತಿರುಗಿ ಬಂದು ಆ ಎಲುಬಿಗೇ ಬಡಿಯುತ್ತದೆ. ಅಲ್ಲಿ ಮಾಂಸ ಇಲ್ಲ, ಬರೀ ಚರ್ಮ. ಬಿಎಂಎಕ್ಸಿನಲ್ಲಿ ಹೊಸಬರಿಗೆ ದಿನಾ ಆಗುವ ಗಾಯ ಇದು, ಬೀಳಲೇಬೇಕು ಅಂತಿಲ್ಲ.

ಇದಕ್ಕೆ ಎರಡು ಮದ್ದು. ಒಂದು, ಫುಟ್ಬಾಲಿನವರ ಶಿನ್ ಗಾರ್ಡ್. ಕಾರವಾರದಲ್ಲಿ ಯಾವ ಸ್ಪೋರ್ಟ್ಸ್ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ, ಉದ್ದ ಸಾಕ್ಸಿನೊಳಗೆ ಕೂರಿಸಿದರೆ ಆಯ್ತು. ಇಬ್ಬರೂ ಒಂದೇ ಸೈಕಲ್ ಓಡಿಸುವುದರಿಂದ ಸೈಜು ಸರಿ ಹೋದರೆ ಒಂದೇ ಜೊತೆ ಸಾಕು. ಎರಡು, ಲೋಹದ ಪೆಡಲ್ ತೆಗೆದು ಪ್ಲಾಸ್ಟಿಕ್ಕಿನದು ಹಾಕಿಸಿ. ಅದರ ಹಲ್ಲು ಮೊಂಡು. ತರುವ ಮುಂಚೆ ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ಕಬ್ಬಿಣದ ಕೈ, ನೋಡಿ. ಎಡದ ಕೈಯಿಂದ ಬಲದ ಕೈವರೆಗೆ ಒಂದೇ ಕಬ್ಬಿಣ ಬಗ್ಗಿಸಿ ಮಾಡಿದ್ದಾದರೆ ಪೆಡಲಿನ ಥ್ರೆಡ್ ಅರ್ಧ ಇಂಚು. ಮೂರು ತುಂಡು ಸೇರಿಸಿದ್ದಾದರೆ 9/16 ಇಂಚು. ಒಂದಕ್ಕೆ ಇನ್ನೊಂದು ಕೂರುವುದಿಲ್ಲ, ಬಲವಂತ ಮಾಡಿದರೆ ಕ್ರ್ಯಾಂಕೇ ಹಾಳು.

ಚಪ್ಪಲಿ ಹಾಕಿ ಹತ್ತಲು ಬಿಡಲೇಬೇಡಿ. ಸಪಾಟು ತಳದ ಕ್ಯಾನ್ವಾಸ್ ಬೂಟು ಸಾಕು, ಶಾಲೆಯದ್ದೇ ಆದೀತು. ಲೇಸಿನ ತುದಿ ಒಳಗೆ ಸಿಕ್ಕಿಸಿ, ಇಲ್ಲದಿದ್ದರೆ ಚೈನು ಎಳೆದುಕೊಳ್ಳುತ್ತದೆ.

ವಾಲಿಬಾಲ್ ಅಂಕೋಲಾ
ಮೊಣಕಾಲಿಗೆ ನಮ್ಮ ವಾಲಿಬಾಲ್ ನೀ ಕ್ಯಾಪ್ ಆಗುತ್ತದಾ? ಕಬಡ್ಡಿಯವರೂ ಅದನ್ನೇ ಹಾಕುತ್ತಾರೆ.

ಬೈತಖೋಲ ಬನ್ನಿಹಾಪ್
ಬರಿಗಾಲಿಗಿಂತ ಪರವಾಗಿಲ್ಲ, ಅಷ್ಟೆ. ಅದು ಮರದ ನೆಲಕ್ಕೆ, ಮಣ್ಣಿಗೆ ಸರಿ. ನಮ್ಮ ಕೆಂಪುಕಲ್ಲಿನ ಜಲ್ಲಿ ಮೇಲೆ ಬಟ್ಟೆ ಮೊದಲ ಜಾರಿಗೇ ಹರಿಯುತ್ತದೆ. ಹೊರಗೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು ಇರುವುದು ತೆಗೆದುಕೊಳ್ಳಿ. ಡಾಂಬರು, ಸಿಮೆಂಟಿನ ಮೇಲೆ ಚಿಪ್ಪು ಜಾರಿಕೊಂಡು ಹೋಗುತ್ತದೆ, ಬಟ್ಟೆ ಕಚ್ಚಿಕೊಂಡು ನಿಂತು ಕಾಲನ್ನು ತಿರುಚುತ್ತದೆ. ಮೊಣಕಾಲಿನ ಮೇಲೊಂದು, ಕೆಳಗೊಂದು ಪಟ್ಟಿ ಇರಬೇಕು. ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರಿಸಿ ಎಬ್ಬಿಸಿ, ಅಂಗೈಯಿಂದ ಕೆಳಕ್ಕೆ ತಳ್ಳಿ ನೋಡಿ. ಜಾರಿ ಪಾದಕ್ಕೆ ಬಂದರೆ ಬಿದ್ದಾಗಲೂ ಅಲ್ಲೇ ಇರುತ್ತದೆ.

ಸ್ಕೇಟಿಂಗಿನವರ ಮೂರು ಜೊತೆ ಸೆಟ್ ಸಿಗುತ್ತದೆ, ಮೊಣಕಾಲು ಮೊಣಕೈ ಮಣಿಕಟ್ಟು. ಮೊದಲ ಎರಡು ಇದಕ್ಕೂ ಆಗುತ್ತವೆ.

ಸದಾಶಿವಗಡ ಅಮ್ಮ
ಮಣಿಕಟ್ಟಿನದು ಯಾಕೆ ಬೇಡ? ಬೀಳುವಾಗ ಮೊದಲು ಊರುವುದು ಕೈಯೇ ಅಲ್ವಾ?

ಫಿಸಿಯೋ ಹೊನ್ನಾವರ
ನಿಮ್ಮ ಪ್ರಶ್ನೆ ಸರಿ ಇದೆ, ಕೈ ಊರಿಯೇ ಮಣಿಕಟ್ಟು, ಹೆಗಲ ಮುಂದಿನ ಎಲುಬು ಮುರಿದುಕೊಳ್ಳುವವರು ಜಾಸ್ತಿ. ಆದರೆ ಆ ಗಾರ್ಡಿನ ಅಂಗೈ ಭಾಗದಲ್ಲಿ ಗಟ್ಟಿ ಪಟ್ಟಿ ಇರುತ್ತದೆ. ಸ್ಕೇಟಿಂಗಿನಲ್ಲಿ ಕೈ ಖಾಲಿ, ಹಾಗಾಗಿ ತೊಂದರೆ ಇಲ್ಲ. ಸೈಕಲ್ಲಿನಲ್ಲಿ ಹ್ಯಾಂಡಲ್ ಹಿಡಿಯಬೇಕು, ಬ್ರೇಕ್ ಎಳೆಯಬೇಕು. ಅದನ್ನು ಹಾಕಿಕೊಂಡರೆ ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ. ಹಿಡಿತ ತಪ್ಪಿ ಬೀಳಲಿಕ್ಕೆ ಅದೇ ಕಾರಣ ಆಗುತ್ತದೆ. ಅದರ ಬದಲು ಬೆರಳು ಪೂರ್ತಿ ಮುಚ್ಚುವ ತೆಳ್ಳಗಿನ ಗ್ಲೌಸ್ ಹಾಕಿಸಿ. ಕರಾವಳಿಯ ಬೆವರಿಗೆ ಗ್ರಿಪ್ ಜಾರುತ್ತದೆ, ಅದಕ್ಕೂ ಆಯ್ತು, ಅಂಗೈಯೊಳಗೆ ಜಲ್ಲಿ ಹೊಕ್ಕುವುದೂ ತಪ್ಪಿತು.

ಬೀಳುವುದನ್ನು ಹುಲ್ಲಿನ ಮೇಲೆ ಕಲಿಸಿ. ಸೈಕಲ್ ಇಲ್ಲದೆ. ಕೈ ನೆಟ್ಟಗೆ ಊರದೆ ಮೊಣಕೈ ಮಡಚಿ, ಗದ್ದ ಎದೆಗೆ ಒತ್ತಿ, ಭುಜದ ಮೇಲೆ ಉರುಳುವುದು. ಮಕ್ಕಳಿಗೆ ಅದೇ ಒಂದು ಆಟ.

ಕುಮಟಾ ಸ್ಪ್ಯಾನರ್
ಎಲ್ಲರೂ ಮೈಮೇಲಿನದ್ದೇ ಹೇಳುತ್ತಿದ್ದೀರಿ, ಸೈಕಲ್ಲನ್ನು ಯಾರೂ ನೋಡಲಿಲ್ಲ. ಅಕ್ಕಾ, ಈಗಲೇ ಹೊರಗೆ ಹೋಗಿ ಹ್ಯಾಂಡಲಿನ ಎರಡೂ ತುದಿ ಮುಟ್ಟಿ ನೋಡಿ. ರಬ್ಬರ್ ಗ್ರಿಪ್ ಹರಿದು ಒಳಗಿನ ಕೊಳವೆಯ ಬಾಯಿ ತೆರೆದಿದೆಯಾ? ತೆರೆದಿದ್ದರೆ ಮುಚ್ಚುವ ತನಕ ಮಕ್ಕಳಿಗೆ ಕೊಡಬೇಡಿ. ಬೀಳುವಾಗ ಹ್ಯಾಂಡಲ್ ತಿರುಗಿ ತುದಿ ಹೊಟ್ಟೆಗೆ ಬರುತ್ತದೆ. ಮುಚ್ಚಿದ ತುದಿ ಪೆಟ್ಟು ಕೊಡುತ್ತದೆ, ತೆರೆದ ಕೊಳವೆ ಹೊಟ್ಟೆಯೊಳಗೇ ಇಳಿಯಬಹುದು. ಹತ್ತಿಪ್ಪತ್ತು ರೂಪಾಯಿಯ ಪ್ಲಗ್ಗು ಅದು. ಹೆಲ್ಮೆಟ್ ಬಿಟ್ಟರೆ ನನ್ನ ಲೆಕ್ಕದಲ್ಲಿ ಎರಡನೆಯ ಸ್ಥಾನ ಅದಕ್ಕೇ.

ಗಾಲಿಯ ಗೂಟ ಸದ್ಯಕ್ಕೆ ಬಿಚ್ಚಿಡಿ. ಕಟ್ಟೆಯ ಮೇಲೆ ಉಜ್ಜಿಕೊಂಡು ಹೋಗುವ ಕಸರತ್ತಿಗೆ ಅದು, ಹೊಸಬರಿಗೆ ಬೇಡ, ಈಗ ಇದ್ದರೆ ಕಾಲಿಗೆ ಬಡಿಯುತ್ತದೆ. ಅದರಲ್ಲಿ ಇನ್ನೊಬ್ಬರನ್ನು ನಿಲ್ಲಿಸಿಕೊಂಡು ಹೋಗುತ್ತಾರೆ ಬೇರೆ. ಬ್ರೇಕ್ ತೆಗೆದು ಓಡಿಸುವ ವಿಡಿಯೋ ತೋರಿಸುತ್ತಾರೆ ಮಕ್ಕಳು. ಒಪ್ಪಬೇಡಿ. ಸಮುದ್ರದ ಗಾಳಿಗೆ ಬ್ರೇಕಿನ ವೈರು ಬೇಗ ತುಕ್ಕು ಹಿಡಿಯುತ್ತದೆ. ಲಿವರ್ ಬಿಟ್ಟ ಕೂಡಲೇ ಟಪ್ ಅಂತ ವಾಪಸ್ ಬರಬೇಕು. ನಿಧಾನಕ್ಕೆ ಬಂದರೆ ಬದಲಿಸುವ ಹೊತ್ತು ಬಂದಿದೆ.

ಸಿದ್ದಾಪುರ ಅಟ್ಟ
ನನ್ನ ಮಗನ ಹಳೆಯ ಹೆಲ್ಮೆಟ್ ಒಂದಿದೆ, ಒಳ್ಳೆಯ ಕಂಪನಿಯದು. ಮಗಳಿಗೆ ಆಗುತ್ತದಾದರೆ ಬಸ್ಸಿನಲ್ಲಿ ಕಳಿಸುತ್ತೇನೆ. ಮಳೆಗಾಲದಲ್ಲಿ ಬೂಸಲು ಬರಬಾರದು ಅಂತ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆ, ಬೂಸಲು ಒಂದು ಚೂರೂ ಇಲ್ಲ.

ಬೈತಖೋಲ ಬನ್ನಿಹಾಪ್
ಅಣ್ಣ, ನಿಮ್ಮ ಮನಸ್ಸು ದೊಡ್ಡದು, ಆದರೆ ಅದನ್ನು ಕಳಿಸಬೇಡಿ. ಒಲೆಯ ಅಟ್ಟ ಅಡಿಕೆಗೆ, ಕೊಪ್ಪರಕ್ಕೆ ಚೆನ್ನ. ಇಪಿಎಸ್ ಬಿಸಿಗೆ ಕುಗ್ಗಿ ಅಂಟು ಬಿಟ್ಟುಕೊಳ್ಳುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಹಿಂದಿನ ಗಾಜಿನ ಹತ್ತಿರ ಇಡುವುದೂ ಹಾಗೇ. ಗ್ರೀಸ್ ಕಲೆ ಹೋಗಲಿಕ್ಕೆ ಪೆಟ್ರೋಲು, ಥಿನ್ನರು ಹಚ್ಚಿದರಂತೂ ಥರ್ಮಾಕೋಲು ಕರಗಿಯೇ ಹೋಗುತ್ತದೆ. ಸಾಬೂನು ನೀರು, ಮೆತ್ತನೆ ಬಟ್ಟೆ, ನೆರಳಲ್ಲಿ ಗಾಳಿಗೆ. ಹೆಲ್ಮೆಟ್ ಬೀಳದೆ ಇದ್ದರೂ 5ರಿಂದ 10 ವರ್ಷಕ್ಕೆ ಬದಲಿಸಿ ಅಂತ ಅಮೆರಿಕದ ಸಿಪಿಎಸ್‌ಸಿಯವರು ಹೇಳುತ್ತಾರೆ. ಒಳಗಿನ ಚೀಟಿಯಲ್ಲಿ ತಯಾರಾದ ತಿಂಗಳು ಇರುತ್ತದೆ.

ಪ್ಯಾಡುಗಳನ್ನು ಮಾತ್ರ ಬೆವರಿದ್ದು ಹಾಗೇ ಚೀಲಕ್ಕೆ ತುರುಕಬೇಡಿ. ಜುಲೈಯಲ್ಲಿ ಎರಡೇ ದಿನಕ್ಕೆ ಬಿಳಿ ಬೂಸಲು, ಆ ವಾಸನೆಗೆ ಮಕ್ಕಳೇ ಹಾಕಿಕೊಳ್ಳಲು ಒಪ್ಪುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಹಾವಸೆ ಕಟ್ಟಿದ ಕಲ್ಲಂಗಳದಲ್ಲಿ ಯಾವ ಗಾರ್ಡ್ ಹಾಕಿದರೂ ಓಡಿಸಬೇಡಿ. ಕಲ್ಯಾಣಮಂಟಪದ ಶೆಡ್ಡೋ ಏನೋ ಕೇಳಿ ನೋಡಿ.

ಸದಾಶಿವಗಡ ಅಮ್ಮ
ಹ್ಯಾಂಡಲಿನ ಒಂದು ತುದಿ ತೆರೆದೇ ಇದೆ ಸ್ಪ್ಯಾನರ್ ಅಣ್ಣ. ಸೈಕಲ್ ಒಳಗೆ ಇಟ್ಟು ಬೀಗ ಹಾಕಿದೆ. ಮಗ ಮುಖ ಊದಿಸಿಕೊಂಡು ಕೂತಿದ್ದಾನೆ. ಮಗಳದ್ದು ಇನ್ನೊಂದು ಪ್ರಶ್ನೆ. ಉದ್ದ ಕೂದಲು, ದಿನಾ ತೆಂಗಿನೆಣ್ಣೆ, ಮೇಲೆ ಅಬ್ಬಲಿಗೆ ದಂಡೆ. ಹೆಲ್ಮೆಟ್ ಕೂರುವುದು ಹೇಗೆ?

ಫಿಸಿಯೋ ಹೊನ್ನಾವರ
ತುರುಬು, ಎತ್ತರದ ಜುಟ್ಟು ಬೇಡ, ಹೆಲ್ಮೆಟ್ ಮೇಲಕ್ಕೆ ಎದ್ದು ಓರೆಯಾಗುತ್ತದೆ. ಕುತ್ತಿಗೆಯ ಹತ್ತಿರ ಕೆಳಗೆ ಒಂದೇ ಜಡೆ ಹಾಕಿ, ತುದಿ ಅಂಗಿಯೊಳಗೆ ಸೇರಿಸಿ. ಕ್ಲಿಪ್ಪು, ಹೇರ್‌ಬ್ಯಾಂಡು ತೆಗೆಯಿರಿ, ಬಿದ್ದಾಗ ತಲೆಗೇ ಚುಚ್ಚುತ್ತವೆ. ದಂಡೆ ಸೈಕಲ್ ಮುಗಿದ ಮೇಲೆ. ಅಳತೆಯನ್ನೂ ಆ ಜಡೆಯಲ್ಲೇ ತೆಗೆಯಿರಿ. ಎಣ್ಣೆಗೆ ಒಳಗಿನ ಸ್ಪಂಜು ಬೇಗ ಜಿಡ್ಡಾಗುತ್ತದೆ, ಬಿಚ್ಚಿ ತೊಳೆಯಲು ಬರುವಂಥದ್ದು ನೋಡಿ ತನ್ನಿ.

ಕುಮಟಾ ಸ್ಪ್ಯಾನರ್
ಬೀಗ ಹಾಕಿದ್ದು ಒಳ್ಳೆಯದಾಯ್ತು. ನಾಳೆ ಪ್ಲಗ್ ಹಾಕಿಸಿ. ದುಡ್ಡಿನ ಲೆಕ್ಕ ಹೀಗೆ ಮಾಡಿ. ಎರಡು ಹೆಲ್ಮೆಟ್ ಸೇರಿ ಮೂರು ಸಾವಿರದ ಆಸುಪಾಸು, ಚಿಪ್ಪಿರುವ ಮೊಣಕಾಲು ಮೊಣಕೈ ಸೆಟ್ ಮಗನ ಸೈಜಿನದು ಒಂದು, ಶಿನ್ ಗಾರ್ಡ್ ಒಂದು ಜೊತೆ, ಪ್ಲಾಸ್ಟಿಕ್ ಪೆಡಲ್, ಪ್ಲಗ್ಗು. ಮಿಕ್ಕರೆ ಗ್ಲೌಸ್. ಮಗಳದ್ದು ಮೊಣಕಾಲಿನದು ಮುಂದಿನ ತಿಂಗಳು. ಅಲ್ಲಿ ತನಕ ಅವಳು ಹುಲ್ಲಿನ ಮೇಲೆ ಓಡಿಸಲಿ. ಹೆಲ್ಮೆಟ್ ಮಾತ್ರ ಮಕ್ಕಳನ್ನೇ ಕರೆದುಕೊಂಡು ಹೋಗಿ ತಲೆಗೆ ಇಟ್ಟು ತೆಗೆದುಕೊಳ್ಳಿ, ಹುಬ್ಬಳ್ಳಿಗೋ ಗೋವಾಕ್ಕೋ ಹೋದಾಗ. ಆನ್‌ಲೈನಿನಲ್ಲಿ ತರಿಸಿದರೆ ವಾಪಸ್ ಕೊಡಲು ಬರುವುದನ್ನೇ ತರಿಸಿ.

ಶಿರಸಿ ಭಾವ
ಸ್ಪ್ಯಾನರ್ ಭಾವಾ, ಒಂದು ಸಣ್ಣ ವಿಷಯ. ಅಣ್ಣನ ಮಗನದ್ದೂ ಇಂಥದೇ ಸೈಕಲ್ ಇದೆ, ಲೋಹದ್ದೇ ಪೆಡಲ್. ಸುಮ್ನೆ ಬಿಚ್ಚಿ ನೋಡೋಣ ಅಂತ ಕೂತೆ. ಬಲಗಡೆಯದು ಬಂತು. ಎಡಗಡೆಯದು ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನುತ್ತಿಲ್ಲ.

ಕುಮಟಾ ಸ್ಪ್ಯಾನರ್
ನಿಲ್ಲಿಸಿ ನಿಲ್ಲಿಸಿ. ಎಡಗಡೆಯದು ಉಲ್ಟಾ ಥ್ರೆಡ್. ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿದರೆ ಬಿಚ್ಚುತ್ತದೆ. ನೀವು ಇಷ್ಟು ಹೊತ್ತು ಬಿಗಿ ಮಾಡಿದ್ದೀರಿ. ಒಂದು ಹನಿ ಎಣ್ಣೆ ಬಿಟ್ಟು ರಾತ್ರಿ ಹಾಗೇ ಇಡಿ, ಬೆಳಿಗ್ಗೆ 15ರ ಸ್ಪ್ಯಾನರ್ ಹಾಕಿ.